ಖಾಲಿ ಕುರ್ಚಿಯ ಬಿಲ್ಲೆಗಳು

ಡೆಲ್ಮಾ ಟೊಂಗೊವಾ ಪೋಕರ್ ಆಡಲು ಕೂತರೆ ಎದುರಿನವರಿಗೆ ಅವಳ ಮುಖದಲ್ಲಿ ಓದಲು ಒಂದಕ್ಷರವೂ ಸಿಗುತ್ತಿರಲಿಲ್ಲ. ಅದೇ ಡೆಲ್ಮಾ ಭಾನುವಾರ ಪ್ರಾರ್ಥನಾ ಮಂದಿರದಲ್ಲಿ ಎದ್ದು ನಿಂತು ಮೊದಲ ಸ್ವರ ಎತ್ತಿದರೆ, ಹಿಂದಿನ ಬೆಂಚಿನ ಕಿವಿ ಮಂದವಾದ ಮುದುಕರಿಗೂ ಹಾಡನ್ನು ಎಲ್ಲಿಂದ ಹಿಡಿಯಬೇಕೆಂದು ಗೊತ್ತಾಗುತ್ತಿತ್ತು. ನಮ್ಮ ಸಭೆಯಲ್ಲಿ ಪಿಯಾನೋ ಇಲ್ಲ, ಗಿಟಾರೂ ಇಲ್ಲ. ಕಬ್ಬು ಕಡಿಯಲೆಂದು ದೂರದ ದ್ವೀಪಗಳಿಂದ ಹಡಗು ಹತ್ತಿಸಿ ಈ ದೇಶಕ್ಕೆ ತಂದ ನಮ್ಮ ಹಿರಿಯರ ಹತ್ತಿರ ಗಂಟಲೊಂದು ಬಿಟ್ಟು ಬೇರೇನೂ ಇರಲಿಲ್ಲ. ಆ ಗಂಟಲು ಈಗ ಡೆಲ್ಮಾಳ ಪಾಲಿಗೆ ಬಂದಿದೆ. ಅವಳಿಲ್ಲದ ಒಂದು ಭಾನುವಾರ ನಾವೇ ಹಾಡಲು ಹೋಗಿ, ಒಬ್ಬೊಬ್ಬರು ಒಂದೊಂದು ದಾರಿ ಹಿಡಿದು, ಮೂರನೆಯ ಚರಣಕ್ಕೇ ಕೂತುಬಿಟ್ಟೆವು.

ಅವಳು ನನ್ನ ಚಿಕ್ಕಪ್ಪನ ಮಗಳು. ಊರ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವಳು. ಹಾಸುಬಟ್ಟೆ ಹಿಂಡಿ ಹಿಂಡಿ ಅವಳ ಮಣಿಕಟ್ಟು ನನ್ನದಕ್ಕಿಂತ ದಪ್ಪ. ಅವಳು ಹುಲ್ಲಿನ ಮೇಲೆ ಚೆಂಡುರುಳಿಸುವ ಬೋಲ್ಸ್ ಆಟದ ಕ್ಲಬ್ಬಿನ ಮಂಗಳವಾರದ ಪೋಕರ್ ಲೀಗಿಗೆ ಸೇರಿದಾಗ ಸಭೆಯ ಹಿರಿಯರು ಕರೆಸಿ ವಿಚಾರಿಸಿದರು. ಆ ಹಿರಿಯರಲ್ಲಿ ನಾನೂ ಒಬ್ಬ.

"ಸೇರೋಕೆ ಕಾಸಿಲ್ಲ, ಗೆದ್ರೂ ಕಾಸಿಲ್ಲ. ಕುಡಿಯೋದು ನಿಂಬೆ ಶರಬತ್ತು. ಇದ್ರಲ್ಲಿ ಪಾಪ ಎಲ್ಲಿದೆ ತೋರ್ಸಿ, ಈಗ್ಲೇ ಮೊಣಕಾಲೂರ್ತೀನಿ," ಅಂದಳು.

"ಕೈಯಲ್ಲಿ ಒಳ್ಳೆ ಎಲೆ ಇಲ್ದೆ ಎಲ್ಲಾ ಇದ್ದೋರ ಹಂಗೆ ಪಣದ ಬಿಲ್ಲೆ ನೂಕೋ ಆಟ ಅದು, ಸುಳ್ಳಲ್ವಾ?" ಎಂದು ನಾನೇ ಕೇಳಿದೆ.

"ಕ್ಲೈವ್, ನಿನ್ನ ಬೋಳುತಲೆ ಮೇಲೆ ಟೋಪಿ ಐತೆ. ಅದು ಸುಳ್ಳಾ? ಮುಚ್ಚಿಡೋದೇ ಬೇರೆ, ಸುಳ್ಳೇ ಬೇರೆ. ಆಟ ನಡೀವಾಗ ಯಾರಾದ್ರೂ ಕೇಳಿದ್ರೆ ಬಾಯಿ ಬಿಡಲ್ಲ. ಮುಗಿದ್ಮೇಲೆ ಕೇಳಿದ್ರೆ ಇದ್ದದ್ದು ಇದ್ದಂಗೆ ಹೇಳ್ತೀನಿ."

ಹಿರಿಯರೆಲ್ಲ ನನ್ನ ಟೋಪಿ ನೋಡಿ ನಕ್ಕರು. ಮುಂದಿನ ಮಂಗಳವಾರ ನಾನೂ ಲೀಗಿಗೆ ಸೇರಿದೆ.

ಒಂದೇ ಒಂದು ತೊಡಕಿತ್ತು. ವರ್ಷದ ಕೊನೆಯ ಪಂದ್ಯ ಶನಿವಾರ, ಭಾನುವಾರ ಎರಡು ದಿನ ನಡೆಯುತ್ತದೆ. ಕೊನೆಗೆ ಉಳಿದ ಒಂಬತ್ತು ಜನರಿಗೆ ಬ್ರಿಸ್ಬೇನಿನ ರಾಜ್ಯ ಪಂದ್ಯದಲ್ಲಿ ಜಾಗ. ನಮ್ಮ ಜನರಲ್ಲಿ ಇದುವರೆಗೆ ಯಾರೂ ಅಲ್ಲಿಗೆ ಹೋಗಿರಲಿಲ್ಲ. ಡೆಲ್ಮಾಗೆ ಹೋಗಲೇಬೇಕೆಂಬ ಹಟ. ಆದರೆ ಭಾನುವಾರದ ಆಟ ಬೆಳಗ್ಗೆ ಹತ್ತಕ್ಕೆ ಶುರು, ನಮ್ಮ ಆರಾಧನೆಯೂ ಹತ್ತಕ್ಕೇ. ಆಟಗಾರ ಇಲ್ಲದಿದ್ದರೂ ಅವನ ಬಿಲ್ಲೆಯ ರಾಶಿ ಮೇಜಿನ ಮೇಲೇ ಇರುತ್ತದೆ. ಪ್ರತಿ ಸುತ್ತಿನಲ್ಲೂ ಸರದಿ ಬಂದಾಗ ಬ್ಲೈಂಡ್ ಎಂಬ ಕಡ್ಡಾಯದ ಪಾಲನ್ನು ಅದರಿಂದ ಎತ್ತಿ ನಡುವೆ ಹಾಕುತ್ತಾರೆ. ಇಪ್ಪತ್ತು ನಿಮಿಷಕ್ಕೊಮ್ಮೆ ಆ ಪಾಲು ಏರುತ್ತದೆ. ಹಿಂದೆ ಎರಡು ಸಲ ಡೆಲ್ಮಾ ಭಾನುವಾರದವರೆಗೆ ಉಳಿದಿದ್ದಳು. ಎರಡು ಸಲವೂ ಹಾಡು ಮುಗಿಸಿ ಬರುವಷ್ಟರಲ್ಲಿ ರಾಶಿ ಕರಗಿ, ಅವಳ ಕುರ್ಚಿಯನ್ನೂ ಮಡಚಿ ಗೋಡೆಗೆ ಒರಗಿಸಿದ್ದರು.

ಮೂರನೆಯ ಸಲದ ಹೊತ್ತಿಗೆ ಅವಳಿಗೆ ಅರವತ್ತೇಳು. ಗಟ್ಟಿ ಇಸ್ಪೀಟೆಲೆ ಬಾರದೆ ಬಿಲ್ಲೆ ಮುಟ್ಟದವಳೆಂದು ಹನ್ನೊಂದು ವರ್ಷದಿಂದ ಹೆಸರಾದವಳು, ಆ ಶನಿವಾರ ಮಧ್ಯಾಹ್ನ ಮೂರರ ಮೇಲೆ ಮೈಮೇಲೆ ಬಂದವಳಂತೆ ನೂಕತೊಡಗಿದಳು. ಅವಳು ನೂಕಿದಂತೆಲ್ಲ ಎದುರಿನವರು ಎಲೆ ಎಸೆದು ಹಿಂದೆ ಸರಿದರು. ಐದಕ್ಕೆ ಆಟ ನಿಂತಾಗ ಅವಳ ಮುಂದೆ ಬಿಲ್ಲೆಗಳ ಎರಡು ಗೋಪುರ.

"ಆ ಕೊನೇದ್ರಲ್ಲಿ ಏನಿತ್ತು, ಡೆಲ್ಮಾ?" ಎಂದು ಸಾಲ್ವು ಗಲೀಯಾ ಕೇಳಿದ. ನದಿಯಾಚೆ ಕಬ್ಬು ಬೆಳೆಯುವ ಮಾಲ್ಟಾದವನು, ದೊಡ್ಡ ಬಾಯಿ.

"ನಾಲ್ಕು, ಒಂಬತ್ತು. ಬಣ್ಣವೂ ಕೂಡಿರ್ಲಿಲ್ಲ."

"ಅದರ ಹಿಂದಿಂದ್ರಲ್ಲಿ?"

"ಅದಕ್ಕಿಂತ ಕಡೆ."

ಸಾಲ್ವು ಹಣೆ ಚಚ್ಚಿಕೊಂಡ. "ಹನ್ನೊಂದು ವರ್ಷ ಇವಳನ್ನ ಸಾಧ್ವಿ ಅಂತ ನಂಬಿದ್ನಲ್ಲಪ್ಪಾ!"

"ನಂಬಿದ್ದು ಒಳ್ಳೇದೇ ಆಯ್ತು," ಅಂದಳು ಡೆಲ್ಮಾ.

ಮನೆಯ ದಾರಿಯಲ್ಲಿ ನನಗೆ ಹೇಳಿದಳು: "ಬೈಬಲ್ಲಲ್ಲಿ, ಅಡವೀಲಿ ಜನ ಆಕಾಶದಿಂದ ಬಿದ್ದ ಮನ್ನಾ ಅನ್ನೋ ಆಹಾರ ಹೆಕ್ಕಿದ್ರಲ್ಲ, ಆರನೇ ದಿನ ಎರಡು ಪಾಲು ಹೆಕ್ಕಿದ್ಮೇಲೇ ಏಳನೇ ದಿನ ಕೂತು ಉಂಡಿದ್ದು. ನಾನು ಹಿಂದಿನ ಎರಡು ಸಲ ಶನಿವಾರ ಬಿಲ್ಲೆ ಹೆಕ್ಕದೇನೇ ಪ್ರಾರ್ಥನೆ ಮಾಡಿದ್ದೆ. ತಪ್ಪು ನಂದು, ದೇವ್ರದಲ್ಲ."

ಭಾನುವಾರ ಆಟದಲ್ಲಿ ಹದಿನೆಂಟು ಜನ ಉಳಿದಿದ್ದರು. ನಾನು ಹಿಂದಿನ ದಿನವೇ ಸೋತು ಹೊರಬಿದ್ದಿದ್ದರಿಂದ ಪ್ರಾರ್ಥನಾ ಮಂದಿರದ ಬೆಂಚಿನಲ್ಲಿ ಕೂತು ಲೆಕ್ಕ ಹಾಕುವುದೇ ನನ್ನ ಕೆಲಸವಾಯಿತು. ಹನ್ನೊಂದರವರೆಗೆ ಅವಳ ರಾಶಿಗೆ ಭಯವಿಲ್ಲ. ಹನ್ನೊಂದೂಕಾಲಿಗೆ ಚೂರುಪಾರು ಉಳಿದೀತು. ಹನ್ನೊಂದೂವರೆಯಾದರೆ ಮುಗಿಯಿತು. ಪಾಸ್ಟರ್ ಸೈಲಸ್ ಆ ದಿನವೇ ದೊಡ್ಡ ಮೀನು ನುಂಗಿದ ಯೋನನ ಕಥೆ ಎತ್ತಿಕೊಂಡರು. ಅವನನ್ನು ಮೀನಿನ ಹೊಟ್ಟೆಯೊಳಗೆ ಹಾಕಿದ್ದು ಬೇಗನೆ, ಹೊರಗೆ ತೆಗೆಯಲು ಮಾತ್ರ ಅವಸರವೇ ಇಲ್ಲ. ಬೋಧನೆ ಮುಗಿದಾಗ ಹನ್ನೊಂದು ದಾಟಿ ಐದು ನಿಮಿಷ. ಕೊನೆಯ ಹಾಡಿಗೆ ಆರು ಚರಣ. ನಾನು ಡೆಲ್ಮಾಗೆ ಕಾಣುವಂತೆ ಎರಡು ಬೆರಳೆತ್ತಿ, ಎರಡೇ ಚರಣ ಸಾಕೆಂದು ಸನ್ನೆ ಮಾಡಿದೆ. ನೋಡಿದಳು. ಆರನ್ನೂ ಹಾಡಿದಳು. ಆರನೆಯದನ್ನು ಇನ್ನಷ್ಟು ನಿಧಾನ ಮಾಡಿದಳು. ಸತ್ಯ ಹೇಳುತ್ತೇನೆ, ಆ ಚರಣ ಮುಗಿಯುವವರೆಗೆ ನಾನೂ ಗಡಿಯಾರ ಮರೆತಿದ್ದೆ.

"ಓಡು!" ಅಂದೆ ಬಾಗಿಲಲ್ಲಿ.

"ಓಡೋ ವಯಸ್ಸೇನೋ ಇದು? ಟೋಪಿ ಸರಿ ಮಾಡ್ಕೊ, ನಡಿ."

ನಾವು ಮೂರು ಬೀದಿ ನಡೆದು ಕ್ಲಬ್ ಮುಟ್ಟಿದಾಗ ಒಂದೇ ಮೇಜು, ಹತ್ತು ಜನ. ಇನ್ನೊಬ್ಬರು ಹೋದರೆ ಉಳಿದವರಿಗೆಲ್ಲ ಬ್ರಿಸ್ಬೇನ್. ಡೆಲ್ಮಾಳ ಗೋಪುರಗಳು ಕರಗಿ ಒಂದು ಮುಷ್ಟಿ ಬಿಲ್ಲೆ ಉಳಿದಿತ್ತು. ಅವಳಿಗಿಂತ ಬಡವನೆಂದರೆ ಶಾಲೆಯ ಬಸ್ ಓಡಿಸುವ ಡಡ್ಲಿ ಒಬ್ಬನೇ. ಎಲೆ ಹಂಚಿ ಆಡುವ ಇನ್ನೊಂದು ಕೈ ಕಳೆದರೆ ಬ್ಲೈಂಡಿನ ಸರದಿ ಅವನದು, ಅವನ ಹತ್ತಿರ ಅದಕ್ಕೂ ಸಾಲದಷ್ಟು ಬಿಲ್ಲೆ. ಎಲ್ಲರಿಗಿಂತ ದೊಡ್ಡ ರಾಶಿ ಸಾಲ್ವುವಿನದು.

"ಬಂದ್ಳಪ್ಪ!" ಅಂದ ಸಾಲ್ವು. "ನಾನು ನಿನ್ನೆ ಸಂಜೆ ಆರಕ್ಕೇ ಚರ್ಚಿನ ಪೂಜೆ ಮುಗಿಸ್ಕೊಂಡೆ. ನಿಮ್ಮ ದೇವರು ಶನಿವಾರ ಬಾಗಿಲು ತೆಗೆಯಲ್ವಾ?"

"ತೆಗೀತಾನೆ. ನಿನ್ನಂಥೋರು ಆವತ್ತೇ ಬಂದು ಹೋಗ್ಲಿ, ಭಾನುವಾರ ಗಲಾಟೆ ಇರದಿರ್ಲಿ ಅಂತ."

ಮೇಜು ಗೊಳ್ಳೆಂದಿತು. ಸಾಲ್ವು ಬಿಡಲಿಲ್ಲ. "ನಿನ್ನ ಕುರ್ಚಿ ಇಲ್ಲಿವರೆಗೂ ಚೆನ್ನಾಗೇ ಆಡ್ತು. ನೀನು ಆಡ್ತೀಯೋ, ಇಲ್ಲ ಮುದುಡ್ಕೊಂಡು ಕೂರ್ತೀಯೋ?"

ಎಲೆ ಹಂಚಿದರು. ಸಾಲ್ವು ಅವಳನ್ನೇ ನೋಡುತ್ತ ದೊಡ್ಡ ರಾಶಿ ಮುಂದೆ ನೂಕಿದ. ಡೆಲ್ಮಾ ತನ್ನ ಎರಡು ಎಲೆಗಳ ಅಂಚು ಎತ್ತಿ ನೋಡಿದಳು. ಮುಖದಲ್ಲಿ ಏನೂ ಇಲ್ಲ. ಬೆರಳು ಬಿಲ್ಲೆಗಳ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಎಲೆಗಳನ್ನು ಕವುಚಿ ಎಸೆದಳು. ಉಳಿದವರೂ ಎಸೆದರು. ಸಾಲ್ವು ಹಲ್ಲು ಕಿರಿಯುತ್ತ ತನ್ನೆಲೆ ತಿರುಗಿಸಿ ತೋರಿಸಿದ. ಏಳು, ಮೂರು. ಬರೀ ಕಸ.

"ನಿಂದೇನಿತ್ತು?"

ಆ ಕೈಯ ಆಟ ಮುಗಿದಿತ್ತು, ಅವಳು ಹೇಳಿದಳು: "ಜೋಡಿ ರಾಣಿ."

ಯಾರೂ ಅನುಮಾನಿಸಲಿಲ್ಲ. ಸಾಲ್ವು ಮೇಜು ಗುದ್ದಿದ.

"ಹುಚ್ಚಿ! ನಿನ್ನ ರಾಶಿ ಎರಡರಷ್ಟಾಗ್ತಿತ್ತಲ್ಲೇ!"

"ಆಗ್ತಿತ್ತು. ಸೋತಿದ್ರೆ ನಾನು ಎದ್ದು ಹೋಗ್ತಿದ್ದೆ. ನಾನು ಬಂದಿದ್ದು ಬ್ರಿಸ್ಬೇನಿಗೆ ಸಾಲ್ವು, ನಿನ್ನ ಸೋಲ್ಸೋಕಲ್ಲ. ಹೇಡಿ ಅನ್ನು, ಪರವಾಗಿಲ್ಲ."

ಮುಂದಿನ ಕೈಯಲ್ಲಿ ಡಡ್ಲಿಯ ಕಡೆಯ ಬಿಲ್ಲೆಗಳು ಬ್ಲೈಂಡಿಗೆಂದು ತಾವಾಗಿ ನಡುವೆ ಹೋದವು, ಅವನ ಎಲೆ ಗೆಲ್ಲಲಿಲ್ಲ. ಅವನು ಎಲ್ಲರ ಕೈ ಕುಲುಕಿ ಹೋದ. ಉಳಿದದ್ದು ಒಂಬತ್ತು. ನಾನು ಟೋಪಿ ತೆಗೆದು ಗಾಳಿಗೆ ಎಸೆದೆ.

ಬ್ರಿಸ್ಬೇನಿನ ಜಾಗ ಸಿಕ್ಕಾಗಿತ್ತು, ಅದರ ನಂತರದ ಕೈಯಲ್ಲೇ ಡೆಲ್ಮಾ ಎಲೆಯನ್ನು ನೋಡದೆ ಇದ್ದಬದ್ದ ಬಿಲ್ಲೆಯನ್ನೆಲ್ಲ ಸಾಲ್ವುವಿನ ಮುಂದಕ್ಕೆ ನೂಕಿ, ಸೋತು, ನಗುತ್ತ ಎದ್ದಳು. ಪಂದ್ಯ ನಡೆಸುವ ಜೋಸ್ಲಿನ್ ಅರ್ಜಿ ಹಿಡಿದು ಬಂದಳು.

"ಇಲ್ಲಿ ಸಹಿ ಹಾಕಿ, ಆಂಟಿ. ಆದ್ರೆ ಅಲ್ಲೂ ಎರಡು ದಿನ. ಭಾನುವಾರ ಹತ್ತಕ್ಕೆ ಶುರು."

ಡೆಲ್ಮಾ ಕನ್ನಡಕ ಏರಿಸಿ, ಹೆಸರನ್ನು ಪೂರ್ತಿಯಾಗಿ ದೊಡ್ಡಕ್ಷರದಲ್ಲಿ ಬರೆದಳು. "ಕ್ಲೈವ್, ಆ ಕ್ಲಬ್ಬಿಗೆ ನಡೆಯೋ ದೂರದಲ್ಲಿ ಏಳೂವರೆ ಆರಾಧನೆ ಎಲ್ಲೈತೆ ನೋಡು. ಅಲ್ಲಿ ಸ್ವರ ಎತ್ತೋರು ಬೇರೆ ಇರ್ತಾರೆ, ನಾನು ಹಿಂದಿನ ಬೆಂಚಲ್ಲಿ ಕೂತ್ಕೋತೀನಿ."

ಆ ಸಂಜೆಯೇ ಹುಡುಕಿದೆ. ಎರಡು ಸಿಕ್ಕವು. ಹತ್ತಿರದ್ದನ್ನು ಬಿಟ್ಟು, ಚೆನ್ನಾಗಿ ಹಾಡುವವರದ್ದನ್ನು ಆರಿಸಿದಳು.