ಜಮಾಲಣ್ಣನ ಕಿವಿ, ಮೆಹರೀನಳ ಗೆರೆ

ಕೊಟ್ಟೂರಿನ ಹರಪನಹಳ್ಳಿ ರಸ್ತೆಯಲ್ಲಿ, ನನ್ನ ಲೇತ್ ಅಂಗಡಿಗೆ ಒತ್ತಿಕೊಂಡೇ ಜಮಾಲುದ್ದೀನರ ಡೀಸೆಲ್ ಎಂಜಿನ್ ವರ್ಕ್‌ಶಾಪ್. ಊರಿಗೆಲ್ಲ ಅವರು ಜಮಾಲಣ್ಣ. ಪಂಪ್‌ಸೆಟ್ ಎಂಜಿನ್ ಬಿಚ್ಚಿ ಜೋಡಿಸಿದ ಮೇಲೆ ಅದರ ಶಕ್ತಿ ಪರೀಕ್ಷಿಸದೆ ಗಿರಾಕಿಗೆ ಕೊಟ್ಟವರಲ್ಲ. ಫ್ಲೈವೀಲಿಗೆ ದಪ್ಪ ಹಗ್ಗ ಸುತ್ತಿ, ಒಂದು ತುದಿಗೆ ತೂಕದ ಕಲ್ಲು, ಇನ್ನೊಂದಕ್ಕೆ ಸ್ಪ್ರಿಂಗ್ ತಕ್ಕಡಿ ಕಟ್ಟುವರು. ಹಗ್ಗ ಎಷ್ಟು ಬಿಗಿಹಿಡಿದರೂ ಚಕ್ರ ತಿರುಗುತ್ತಲೇ ಇದ್ದರೆ ಎಂಜಿನ್ನಿಗೆ ದಮ್ಮಿದೆ ಎಂದರ್ಥ. ಕೊನೆಗೆ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಕೇಳುವರು. "ಹೂಂ, ಒಯ್ರಿ" ಅಂದರೆ ಮುಗಿಯಿತು. ಆ ಎಂಜಿನ್ ಮೂರು ವರ್ಷ ಇತ್ತ ಹಾಯುತ್ತಿರಲಿಲ್ಲ.

೨೦೦೩ರ ಬೇಸಿಗೆಯಲ್ಲಿ ಹರಪನಹಳ್ಳಿ ಕಡೆಯ ಅರಸೀಕೆರೆಯ ರೈತ ಉಚ್ಚಂಗೆಪ್ಪ ಹದಿನೈದೇ ದಿನಕ್ಕೆ ತನ್ನ ಎಂಜಿನ್ ವಾಪಸ್ ತಂದ.

"ನೀರು ಎತ್ತವಲ್ದರಿ ಜಮಾಲಣ್ಣ. ಬರೀ ಕರೇ ಹೊಗಿ."

ಜಮಾಲಣ್ಣ ಸ್ಕ್ರೂಡ್ರೈವರ್ ಹಚ್ಚಿ ಬಹಳ ಹೊತ್ತು ಕೇಳಿದರು. ಇನ್ನೊಂದು ಕಿವಿಗೂ ಹಚ್ಚಿ ನೋಡಿದರು. ಅವರ ಮಗಳು ಮೆಹರೀನ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮನೆಯಲ್ಲಿ ಅಬ್ಬಾನನ್ನು ಮೂರು ಸಲ ಕೂಗಬೇಕಾಗುತ್ತಿದ್ದುದು ಅವಳಿಗೆ ಗೊತ್ತಿತ್ತು.

ಪಾಲಿಟೆಕ್ನಿಕ್ ಮುಗಿಸಿದ್ದ ಅವಳು ಮರುದಿನ ಒಂದು ಚೀಟಿ ಹಿಡಿದು ನನ್ನಲ್ಲಿಗೆ ಬಂದಳು. "ಭೀಮೇಶಣ್ಣ, ಈ ಅಳತಿಗೆ ಎರಡು ಕೊಂಡಿ ಮಾಡಿಕೊಡ್ರಿ. ತಕ್ಕಡಿ ತೆಗೆದು ಲೋಡ್ ಸೆಲ್ ಹಾಕ್ತೀನಿ."

ಎಲೆಕ್ಟ್ರಾನಿಕ್ ತಕ್ಕಡಿಯ ಹೊಟ್ಟೆಯಲ್ಲಿ ಕೂತು ಭಾರ ಹೇಳುವ ಲೋಹದ ತುಂಡು ಅದು. ಫ್ಲೈವೀಲಿನ ಪಕ್ಕಕ್ಕೆ ವೇಗ ಎಣಿಸುವ ಸೆನ್ಸರ್ ಬಂತು, ಹಳೇ ಕಂಪ್ಯೂಟರ್ ಬಂತು. ಧೂಳು ಬೀಳದಂತೆ ಅದಕ್ಕೆ ಅವಳ ತಾಯಿ ಪೀರ್ ಬೀ ಹೂವಿನ ಬಟ್ಟೆಯ ಗವಸು ಹೊಲಿದರು.

ಮೊದಲ ದಿನ, ಎಂಜಿನ್ನಿನ ಶಕ್ತಿ ತೋರಿಸಬೇಕಿದ್ದ ಪರದೆಯ ಗೆರೆ ಎದ್ದು ಬಿದ್ದು ಕುಣಿಯಿತು. "ಇದಕ್ಕ ಚಳಿಜ್ವರ ಬಂದೈತಿ" ಎಂದು ಜಮಾಲಣ್ಣ ನಗುತ್ತ ಎದ್ದುಹೋದರು. ಎಂಜಿನ್ನಿನ ನಡುಕವೂ ಭಾರದ ಜೊತೆ ಸೇರಿಬರುತ್ತಿತ್ತು. ನೂರು ಅಳತೆಗಳ ಸರಾಸರಿ ತೆಗೆದು ಒಂದು ಚುಕ್ಕೆ ಇಡುವಂತೆ ಪ್ರೋಗ್ರಾಮ್ ತಿದ್ದಲು ಮೆಹರೀನಳಿಗೆ ಎಂಟು ದಿನ ಹಿಡಿಯಿತು. ಆಮೇಲೆ ಅಪ್ಪನ ಇಪ್ಪತ್ತು ಕೆಜಿ ಕಲ್ಲನ್ನೇ ಲೋಡ್ ಸೆಲ್ಲಿಗೆ ತೂಗುಹಾಕಿದಳು. ಪರದೆಯಲ್ಲಿ ಇಪ್ಪತ್ತು ಮೂಡಿತು. ಜಮಾಲಣ್ಣ ಸ್ಟೂಲ್ ಎಳೆದುಕೊಂಡು ಕೂತರು.

ಉಚ್ಚಂಗೆಪ್ಪನನ್ನು ಕರೆಸಿ ಅವನ ಎಂಜಿನ್ನನ್ನೇ ಮೊದಲು ಏರಿಸಿದರು. ಭಾರ ಹೆಚ್ಚಿದ್ದೇ ಗೆರೆ ಕುಸಿಯಿತು.

"ಡೀಸೆಲ್ ತಡ ಬೀಳಾಕತ್ತೈತಿ ಅನಸ್ತೈತಿ, ಅಬ್ಬಾ!" ಮೆಹರೀನ ಕೂಗಿದಳು.

ಡೀಸೆಲ್ ಬೇಗ ಬೀಳಲೆಂದು ಜಮಾಲಣ್ಣ ಡೀಸೆಲ್ ಪಂಪಿನ ಕೆಳಗಿನ ತೆಳು ತಗಡೊಂದನ್ನು ತೆಗೆದು ಬಿಗಿದರು. ಗೆರೆ ಏರಿತು. ಇನ್ನೊಂದು ತೆಗೆದರು, ಇಳಿಯಿತು. ಅದನ್ನು ವಾಪಸ್ ಹಾಕಿದರು. ಹೊಗೆ ತಿಳಿಯಾಯಿತು.

ಎಂಜಿನ್ ನಿಲ್ಲಿಸಿ ಕೈ ಒರೆಸಿಕೊಳ್ಳುತ್ತ ಅವರು ಹೇಳಿದರು: "ತಪ್ಪು ನಂದು, ಉಚ್ಚಂಗೆಪ್ಪ. ನನ್ನ ಕಿವಿ ಹೋಗ್ಯಾವು. ವರ್ಷ ಆತು. ಹೇಳಾಕ ನಾಚಿಕಿ ಆತು."

ಉಚ್ಚಂಗೆಪ್ಪ ಅವರ ಕಿವಿಯ ಹತ್ತಿರವೇ ಬಾಯಿಟ್ಟು ಕೂಗಿದ: "ಹೋದ್ರ ಹೋಗ್ಲಿ ಬಿಡ್ರಿ, ಕೈ ಅದಾವಲ್ಲ!"

ಮೆಹರೀನ ಪರದೆಯ ಕಡೆ ತಿರುಗಿದವಳು ಬಹಳ ಹೊತ್ತು ಮುಖ ಈಚೆ ಮಾಡಲಿಲ್ಲ.

ಅಲ್ಲಿಂದ ಮುಂದೆ ಗೆರೆ ಓದುವುದು ಅವಳು, ತಿದ್ದುವುದು ಅವರು. ಹಿರೇಹಡಗಲಿ, ಕಾನಹೊಸಹಳ್ಳಿಯಿಂದಲೂ ಎಂಜಿನ್‌ಗಳು ಬಂದವು. ಯಾರು ಏನು ಕೇಳಿದರೂ ಜಮಾಲಣ್ಣ ಮಗಳ ಕಡೆ ಕೈ ತೋರಿಸಿ, "ಅಲ್ಲಿ ಕೇಳ್ರಿ, ಮೇಡಂ ಅದಾಳ" ಅನ್ನುವರು.

ಒಮ್ಮೆ ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ನೋಡಲು ಬಂದಿದ್ದರು. ಜಮಾಲಣ್ಣ ರಸ್ತೆಗೆಲ್ಲ ಕೇಳುವಷ್ಟು ಜೋರಾಗಿ ವಿವರಿಸತೊಡಗಿದರು. ಮೆಹರೀನ ಮೆಲ್ಲಗೆ ಮಾತಾಡಿ ಎಂದು ಕೈಸನ್ನೆ ಮಾಡಿದಳು. ಅವರು ತಟ್ಟನೆ ಬಾಗಿ ಓಡುತ್ತಿದ್ದ ಎಂಜಿನ್ನಿನ ವೇಗ ಇಳಿಸಿ, ಅದೇ ದನಿಯಲ್ಲಿ ಮಾತು ಮುಂದುವರಿಸಿದರು.