ಲೆಕ್ಕದಲ್ಲಿ ಪೊರಕೆ ಇರಲಿಲ್ಲ

ನಮ್ಮತ್ತೆ ಕೈಯಿಂದ ಪೊರಕೆ ಕಿತ್ತುಕೊಳ್ಳೋ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಹೋದ ತಿಂಗಳು ಒಂದು ಸೋಮವಾರ ಅವರ ಮಗಳು ಸುಮಾ ಕಿತ್ತುಕೊಂಡಳು. ಅದೂ ದೇವರಕಾಡಿನಲ್ಲಿ!

ನಾವಿರೋದು ಪಾಂಡವಪುರ. ಅತ್ತೆ ದೊಡ್ಡ ಮಗನ ಜೊತೆ ಸಿಂಧಘಟ್ಟದ ಹತ್ತಿರದ ಹಳ್ಳಿಯಲ್ಲಿದ್ದಾರೆ. ಊರಾಚೆ ಅಮ್ಮನ ಗುಡಿ, ಸುತ್ತ ಒಂದಿಷ್ಟು ಕಾಡು, ಅದೇ ದೇವರಕಾಡು. ಅಲ್ಲಿಂದ ಒಣಕಡ್ಡಿಯನ್ನೂ ಯಾರೂ ಮನೆಗೆ ತರೋ ಹಾಗಿಲ್ಲ. (ತಂದವರ ಒಲೆ ಉರಿಯಲ್ಲವಂತೆ. ನಾನು ಪರೀಕ್ಷೆ ಮಾಡಿಲ್ಲ.) ಹೋದ್ವರ್ಷದ ಹಿಂದಿನ ವರ್ಷ, ಬರದ ಬೆನ್ನಲ್ಲೇ ಬಂದ ಬಿರುಗಾಳಿಗೆ ಅರ್ಧಕ್ಕರ್ಧ ಮರ ಉರುಳಿದವು, ದೊಡ್ಡ ನೇರಳೆ ಮರವೂ. ಅತ್ತೆ ಅನ್ನ ಮುಟ್ಟಲಿಲ್ಲ. ಮರ ಬಿದ್ದಿದ್ದಕ್ಕೆ ಯಾಕಿಷ್ಟು ಸಂಕಟ ಅಂತ ಕೇಳಿದೆ.

"ನಿಮ್ಮಾವ ನನ್ ಜೊತೆ ಮೊದ್ಲು ಮಾತಾಡಿದ್ದು ಅಲ್ಲೇ ಕಣವ್ವ, ಆ ನೇರಳೆ ಮರದಡಿ. ಅವ್ರಂತೂ ಇಲ್ಲ. ನೆರಳಾದ್ರೂ ಇರ್ಲಿ ಅನ್ಕಂಡಿದ್ದೆ."

ಸುಮಾಳ ಕೆಲಸವೇ ಕಾಡಿನ ಗಣಿತ. ಮೈಸೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತು, ಬರ, ಬೆಂಕಿ, ಗಾಳಿಗೆ ಸಿಕ್ಕ ಕಾಡು ಮತ್ತೆ ಮೇಲೇಳುತ್ತಾ ಅಂತ ಲೆಕ್ಕ ಹಾಕೋದು. ಹೆತ್ತಮ್ಮನಿಗಾಗಿ ಈ ಕಾಡನ್ನೂ ಆ ಲೆಕ್ಕಕ್ಕೆ ಹಾಕಿದಳು. ಉಳಿದ ಮರ ಎಷ್ಟು, ಬೀಳೋ ಬೀಜ ಎಷ್ಟು, ಮಳೆ ಎಷ್ಟು. ಪ್ರಿಂಟ್ ತೆಗೆದು ತಂದು ತೋರಿಸಿದಳು. ಹಾಳೆ ಮೇಲೆ ಕಾಡಿನ ಗೆರೆ ದಬಕ್ಕನೆ ಇಳಿದು, ನಿಧಾನಕ್ಕೆ ಮೇಲೆ ಹತ್ತಿತ್ತು. ಸುಧಾರಿಸಿಕೊಳ್ಳೋ ಮುಂಚೆ ಮತ್ತೆ ಮತ್ತೆ ಏಟು ಬಿದ್ದರೆ ಮಾತ್ರ ಕಾಡು ವಾಪಸ್ ಬರಲ್ಲ, ಬರೀ ಹುಲ್ಲು ಅಂದಳು. ಅತ್ತೆ ಆ ಹಾಳೆಯನ್ನು ದೇವರ ಪಟದ ಪಕ್ಕ ಅಂಟಿಸಿದರು.

ಎರಡು ಮಳೆಗಾಲ ಕಳೆಯಿತು. ಒಂದು ಸಸಿಯೂ ಏಳಲಿಲ್ಲ. ಸುಮಾ ಲೆಕ್ಕ ತಿದ್ದಿ ತಿದ್ದಿ ಸುಸ್ತಾದಳು. ದನ ನುಗ್ಗಿತಾ? ಯಾರಾದರೂ ಕಡಿದರಾ? ಅಮ್ಮನ ಕಾಡಿಗೆ ಕೈ ಹಾಕೋ ಗಂಡಸು ನಮ್ಮ ಸೀಮೆಯಲ್ಲಿದ್ದಾನಾ?

ಗಂಡಸಲ್ಲ. ಆ ಸೋಮವಾರ ಬೆಳಗ್ಗೆ ನಾನೂ ಸುಮಾನೂ ಹೋಗಿ ನೋಡಿದರೆ, ಅತ್ತೆ ಸೆರಗು ಸಿಕ್ಕಿಸಿಕೊಂಡು ಕಾಡು ಗುಡಿಸುತ್ತಿದ್ದಾರೆ. ಎಲೆ, ಬೀಜ, ಮೊಳಕೆ ಎಲ್ಲ ಮೂಲೆಯ ಗುಡ್ಡೆಗೆ. ಗುಡಿಸಿದ ಜಾಗಕ್ಕೆ ಸಗಣಿ ನೀರು, ರಂಗೋಲಿ. ಕಾಡು ಬೇಗ ಬರಲಿ ಅಂತ ಎರಡು ವರ್ಷದಿಂದ ವಾರವಾರದ ಹರಕೆಯಂತೆ!

ಸುಮಾ ಪೊರಕೆ ಕಿತ್ತುಕೊಂಡಳು. "ನನ್ ಲೆಕ್ಕದಲ್ಲಿ ಗಾಳಿ ಇತ್ತು, ಬೆಂಕಿ ಇತ್ತು. ಪೊರಕೆ ಇರ್ಲಿಲ್ಲ ಕಣಮ್ಮ." ನಗಬೇಕೋ ಅಳಬೇಕೋ ಅವಳಿಗೇ ಗೊತ್ತಾಗಲಿಲ್ಲ.

ಅತ್ತೆ ಗುಡ್ಡೆ ಕೆದಕಿದರು. ಬಾಡಿದ ನೇರಳೆ ಮೊಳಕೆ ಸಿಕ್ಕಿತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದರು, "ಅಂಗಾರೆ, ಬರ್ತಾ ಇದ್ದುದ್ನ ನಾನೇ ಬರ್ದಂಗೆ ಮಾಡ್ಬುಟ್ನಾ?"

ಸುಮಾ ಪೊರಕೆಯನ್ನೂ ಸೇರಿಸಿ ಹೊಸ ಗೆರೆ ಎಳೆದಿದ್ದಾಳೆ. ಕಾಡು ಬರುತ್ತೆ, ಆದರೆ ಬಹಳ ತಡ. ಅತ್ತೆ ಈಗ ಗುಡಿಸಲ್ಲ. ಸೋಮವಾರ ಹೋಗಿ, ನೇರಳೆ ಇದ್ದ ಕಡೆ ಬಿಸಿಲಲ್ಲೇ ಕೂತು ಬರುತ್ತಾರೆ.

ಮೊನ್ನೆ ಮಗಳಿಗೆ ಹೇಳಿದರು, "ಪೊರಕೆ ಸೇರ್ಸುದ್ಯಲ್ಲ, ನನ್ ವಯಸ್ನೂ ಸೇರ್ಸು. ನಾನ್ ಬದ್ಕಿರೋವಾಗ್ಲೇ ನೆರಳು ಬಂದಾತಾ ನೋಡು."

ಸುಮಾ ಕಾಫಿ ಮಾಡ್ತೀನಿ ಅಂತ ಒಳಗೆ ಹೋದಳು.

ಸೇರಿಸಿದರೆ ಉತ್ತರ ಬಂದುಬಿಡುತ್ತಲ್ಲ?