ಯುಗಾದಿಗೆ ಚುಕ್ತಾ ಮಾಡಿದ ಪಿಎಫ್

ನನ್ನ ಪಿಎಫ್ ಹಣದಲ್ಲಿ ಸರ್ಕಾರ ಪಾಲು ಹಿಡಿದದ್ದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಹುಣಸೂರಿನ ತಂಬಾಕು ಕಾರ್ಖಾನೆಯಲ್ಲಿ ಎಲೆಯ ಬಣ್ಣ ನೋಡಿ ವಿಂಗಡಿಸುತ್ತ, ಘಾಟಿಗೆ ಕೆಮ್ಮುತ್ತ ಕೂಡಿಟ್ಟ ಹಣ ಅದು. ಗಂಡ ಸತ್ತ ಮೇಲೆ ಕಂಪಲಾಪುರದ ಅಣ್ಣನ ಮನೆ ಸೇರಿದ್ದೆ. ಅತ್ತಿಗೆ ನನ್ನ ತಟ್ಟೆಗೆ ಮುದ್ದೆ ಹಾಕುವಾಗಲೂ ಮುಖ ಗಂಟಿಕ್ಕಿಕೊಳ್ಳುತ್ತಿದ್ದಳು. ಬಸ್ ನಿಲ್ದಾಣದ ಹತ್ತಿರ ಒಂದು ಕೋಣೆ ಬಾಡಿಗೆಗಿತ್ತು. ಮುಂದೆ ಇಡ್ಲಿ ಅಂಗಡಿ ಇಟ್ಟು ಹಿಂದೆ ಮಲಗಬಹುದು. ಪಿಎಫ್ ಬಂದರೆ ಅದಕ್ಕೆ ಅಡ್ವಾನ್ಸ್ ಕೊಟ್ಟು ಆ ಮನೆಯಿಂದ ಹೊರಬೀಳಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ.

ನಮ್ಮ ಕಡೆ ಆಳುಕಾಳುಗಳ ವರ್ಷ ಮುಗಿಯುವುದು ಯುಗಾದಿಗೆ. ಯಜಮಾನನನ್ನು ಬದಲಿಸುವವರು ಹಳೆಯ ಲೆಕ್ಕ ಚುಕ್ತಾ ಮಾಡಿಕೊಂಡೇ ಹೋಗಬೇಕು, ಬಾಕಿ ಇಟ್ಟುಕೊಂಡು ಹೊಸ ಹೊಸಿಲು ತುಳಿಯಬಾರದು. ಒಂದು ಯುಗಾದಿಗೆ ಕಾರ್ಖಾನೆಯ ಕಂಟ್ರಾಕ್ಟರ್ ಬದಲಾದಾಗ ನಾವು ಹೆಂಗಸರೂ ಹಾಗೇ ಮಾಡಿದೆವು. ಹಳಬನ ಕಾಲದ ಪಿಎಫ್ ಪೂರ್ತಿ ತೆಗೆದುಕೊಂಡು ಹೊಸಬನ ಹತ್ತಿರ ಹೊಸದಾಗಿ ಶುರು ಮಾಡಿದೆವು. ಕಂಟ್ರಾಕ್ಟರನ ಲೆಕ್ಕ ಬರೆಯುವ ರೈಟರ್ ಹಲ್ಲು ಕಿರಿಯುತ್ತ, "ಒಳ್ಳೇದಾಯ್ತು ಬುಡಿ, ನಂಗೂ ತಲೆನೋವು ತಪ್ತು" ಅಂದ. ಅದೇ ಬಾಯಲ್ಲಿ ಇನ್ನೊಂದು ಮಾತು ಹೇಳಿದ್ದರೆ ಅವನಪ್ಪನ ಗಂಟೇನು ಹೋಗುತ್ತಿತ್ತು?

ಆಮೇಲೆ ನಾಲ್ಕು ವರ್ಷ ದುಡಿದು, ಕೆಲಸ ಬಿಟ್ಟು, ಹಣಕ್ಕೆ ಅರ್ಜಿ ಹಾಕಿದೆ. ಬಂದದ್ದು ಅಡ್ವಾನ್ಸಿಗೆ ಸಾಲಲಿಲ್ಲ. ಅರ್ಜಿ ಹಾಕಿಕೊಟ್ಟಿದ್ದ ಕಂಪ್ಯೂಟರ್ ಅಂಗಡಿಯವನ ಮುಂದೆ ಹೋಗಿ ನಿಂತೆ.

"ಐದು ವರ್ಷ ತುಂಬಿಲ್ಲ ಕಣಕ್ಕ, ಅದ್ಕೇ ಟ್ಯಾಕ್ಸ್ ಮುರ್ಕಂಡವ್ರೆ" ಅಂದ. "ಅಳೇ ದುಡ್ಡ ತಗೀದೆ ಒಸದಕ್ಕೆ ಸೇರ್ಸಿದ್ರೆ ಎಲ್ಲಾ ವರ್ಷನೂ ಲೆಕ್ಕಕ್ಕೆ ಬತ್ತಿತ್ತು."

"ಟ್ಯಾಕ್ಸ್ ಕಟ್ಟೋ ಅಷ್ಟು ವರಮಾನ ನಂಗೆಲ್ಲೈತೆ?"

"ಇಲ್ಲ ಅಂತ ಮೊದ್ಲೇ ಬರ್ಕೊಡ್ಬೇಕಿತ್ತು. ಓಗ್ಲಿ ಬುಡು, ರಿಟರ್ನ್ ಹಾಕಾನ. ವಾಪಸ್ ಬತ್ತದೆ."

ಬರೆದುಕೊಡಬೇಕು ಅಂತ ಅರ್ಜಿ ಹಾಕುವಾಗ ಹೇಳಬೇಕಾದವನು ಇವನೇ. ಈಗ ರಿಟರ್ನಿಗೆ ಬೇರೆ ಫೀಸು ಕೇಳಿದ! ಅದನ್ನೂ ಕೊಟ್ಟು ಹಾಕಿಸಿದೆ. ನಾನು ಬಡವಿ ಅಂತ ನಾನೇ ಬರೆದುಕೊಡದಿದ್ದರೆ ದಿಲ್ಲಿಯವರಿಗೆ ನಾನು ಸಾಹುಕಾರ್ತಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ, ಇಲ್ಲಿ ದೇವರೂ ಪೂಜಾರಿಯೂ ಸೇರಿಕೊಂಡೇ ಕಿತ್ತುಕೊಂಡಿದ್ದರು. ಯುಗಾದಿಗೆ ಲೆಕ್ಕ ಮುಗಿಸಿದ್ದು ನನ್ನ ತಪ್ಪು ಅಂತ ನಾನು ಇವತ್ತಿಗೂ ಒಪ್ಪುವುದಿಲ್ಲ. ನಮ್ಮಪ್ಪ, ಅವರಪ್ಪ ಎಲ್ಲರೂ ಮಾಡಿದ್ದು ಅದನ್ನೇ.

ಕೋಣೆಯ ಮಾಲೀಕ ತಿಂಗಳೊಪ್ಪತ್ತು ಕಾಯುತ್ತೇನೆಂದ. ಕಡಿಮೆ ಬಿದ್ದದ್ದನ್ನು ಕೈಗಡವಾಗಿ ಕೊಡು ಅಂತ ಅಣ್ಣನನ್ನು ಕೇಳಿದೆ. ಜಾಗ ಹೇಗಿದೆ, ಬಾಡಿಗೆ ಎಷ್ಟು, ದಿನಕ್ಕೆ ಎಷ್ಟು ಇಡ್ಲಿ ಹೋಗಬಹುದು ಅಂತ ಎಲ್ಲವನ್ನೂ ಕೇಳಿಕೊಂಡು, "ನೋಡಾನ" ಅಂದ. ಚೆನ್ನಾಗಿಯೇ ನೋಡಿದ. ಮುಂದಿನ ವಾರ ಅದೇ ಕೋಣೆಗೆ ಹೆಂಡತಿಯ ಹೆಸರಲ್ಲಿ ಅಡ್ವಾನ್ಸ್ ಕೊಟ್ಟು ಬಂದ.

"ಹೊರಗ್ನೋರ ಪಾಲಾಗೋ ಬದ್ಲು ಮನೇಲೇ ಉಳೀತಲ್ಲ" ಅಂದ. ಅವನ ಮುಖಕ್ಕೆ ಉಗಿಯಬೇಕು ಅನ್ನಿಸಿತು. ಉಗಿದು ಹೋಗುವುದಾದರೂ ಎಲ್ಲಿಗೆ? ಕೈಯಲ್ಲಿದ್ದ ಹಣಕ್ಕೆ ಬೇರೆ ಜಾಗ ಸಿಗುತ್ತಿರಲಿಲ್ಲ. ಮುಂದೆ ಇಡ್ಲಿ ಅಂಗಡಿ ಇಟ್ಟು, ಹಿಂದಿನ ಜಾಗದಲ್ಲಿ ಅಕ್ಕಿ ಮೂಟೆ ಪೇರಿಸಿದರು. ನಾನು ಮಲಗುವುದು ಅವರ ಮನೆಯಲ್ಲೇ. ಕತ್ತಲಿರುವಾಗಲೇ ಎದ್ದು ಹಿಟ್ಟು ಹೊತ್ತುಕೊಂಡು ಹೋಗುತ್ತೇನೆ. ಗಲ್ಲಾದ ಮುಂದೆ ಅತ್ತಿಗೆ ಕೂರುತ್ತಾಳೆ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಇಡ್ಲಿ ಇಳಿಸುತ್ತಿದ್ದಾಗ ಫೋನ್ ಗುಣುಗುಟ್ಟಿತು. ಬಂದ ಮೆಸೇಜನ್ನು ಗಿರಾಕಿಯೊಬ್ಬರು ಓದಿ ಹೇಳಿದರು. ಹಿಡಿದಿದ್ದ ಟ್ಯಾಕ್ಸ್ ಬಡ್ಡಿ ಸಮೇತ ವಾಪಸ್ ಬಂದಿತ್ತು. ಅತ್ತಿಗೆ ಗಲ್ಲಾದಿಂದಲೇ ಕತ್ತೆತ್ತಿ ನನ್ನ ಕಡೆ ನೋಡಿ ನಕ್ಕಳು. ಅಷ್ಟು ವರ್ಷದಲ್ಲಿ ಅವಳು ನನ್ನನ್ನು ನೋಡಿ ನಕ್ಕದ್ದು ಅವತ್ತೇ.

"ಒಳ್ಳೇ ಟೈಮಿಗೆ ಬಂತು ಕಣಮ್ಮಿ" ಅಂದಳು. "ಅದ್ರಲ್ಲಿ ಅಂಗ್ಡೀಗೆ ದೊಡ್ಡದೊಂದು ಇಡ್ಲಿ ಪಾತ್ರೆ ತಕ್ಕಬಾ."